ಬೆಂಗಳೂರು ನಗರದಲ್ಲಿ ಮಕ್ಕಳ ಆಟೋಟ ಮತ್ತು ಕ್ರೀಡಾ ಚಟುವಟಿಕೆಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರು ನಗರದಲ್ಲಿ ವಾಸಿಸುವ ಬಹುಪಾಲು ಕುಟುಂಬಗಳ ಮನೆಗಳಿಗೆ ಅಂಗಳವಿಲ್ಲ. ಒಂದು ಕಾಲದಲ್ಲಿ ಮಕ್ಕಳಿಗೆ ಆಟದ ಬಯಲಾಗಿದ್ದ ಬೀದಿಗಳು ಇಂದು ವಾಹನಗಳ ಸಂಚಾರಕ್ಕೂ ನಿಲುಗಡೆಗೂ ಮೀಸಲಾಗಿವೆ. ಶುಲ್ಕ ಪಾವತಿಸಿ ಖಾಸಗಿ ತರಬೇತಿ ಕೇಂದ್ರಕ್ಕೆ ಸೇರಿಸಲು ಶಕ್ತರಾದ ಪೋಷಕರಿಗೆ ಆಯ್ಕೆಗಳು ಹಲವು. ಅಂತಹ ಶಕ್ತಿಯಿಲ್ಲದ ಕುಟುಂಬದ ಮಗುವಿಗೆ ಶಾಲೆಯ ಮೈದಾನ, ಬಡಾವಣೆಯ ಉದ್ಯಾನ ಮತ್ತು ಸಾರ್ವಜನಿಕ ಕ್ರೀಡಾಂಗಣಗಳೇ ಆಧಾರ. ಈ ಸ್ಥಳಗಳು ಯಾವುವು, ಅವು ಯಾರ ಅಧೀನದಲ್ಲಿವೆ, ಅವುಗಳನ್ನು ಬಳಸುವ ವಿಧಾನವೇನು, ತರಬೇತಿ ಮತ್ತು ಸ್ಪರ್ಧೆಗಳಿಗೆ ಯಾವ ದಾಖಲೆಗಳು ಬೇಕು ಹಾಗೂ ಮೈದಾನವೊಂದು ಮಕ್ಕಳ ಕೈತಪ್ಪುವ ಸಂದರ್ಭ ಬಂದಾಗ ನಾಗರಿಕರು ಯಾರಿಗೆ ಅರ್ಜಿ ಸಲ್ಲಿಸಬೇಕು ಎಂಬ ವಿವರಗಳನ್ನು ಈ ಪುಟದಲ್ಲಿ ಒಂದೆಡೆ ನೀಡಲಾಗಿದೆ.

2. ಆಟವು ಮಗುವಿನ ಹಕ್ಕು: ಕಾನೂನಿನ ಆಧಾರ

ಆಟವು ಓದಿನ ನಂತರ ಉಳಿದ ಸಮಯದಲ್ಲಿ ಮಗುವಿಗೆ ತೋರಿಸುವ ರಿಯಾಯಿತಿಯಲ್ಲ. ಅದಕ್ಕೆ ಕೆಳಕಂಡ ಕಾನೂನುಗಳ ಬೆಂಬಲವಿದೆ.

(ಅ) ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ಅನುಚ್ಛೇದವು ವಿಶ್ರಾಂತಿ, ವಿರಾಮ, ಆಟ ಮತ್ತು ಮನರಂಜನೆಯನ್ನು ಮಗುವಿನ ಹಕ್ಕೆಂದು ಮಾನ್ಯ ಮಾಡಿದೆ. ಭಾರತವು 1992ರ ಡಿಸೆಂಬರ್‌ನಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು.

(ಆ) ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಅದರ ಅನುಸೂಚಿಯಂತೆ ಶಾಲೆಯು ಹೊಂದಿರಬೇಕಾದ ಸೌಲಭ್ಯಗಳಲ್ಲಿ ಆಟದ ಮೈದಾನವೂ ಸೇರಿದೆ. ಆಟದ ಸಾಮಗ್ರಿ ಮತ್ತು ಕ್ರೀಡೋಪಕರಣಗಳನ್ನು ಅಗತ್ಯಕ್ಕನುಸಾರವಾಗಿ ಪ್ರತಿ ತರಗತಿಗೂ ಒದಗಿಸತಕ್ಕದ್ದು. ಬಾಲಕರಿಗೆ ಮತ್ತು ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯವಿರುವುದೂ ಇದೇ ಅನುಸೂಚಿಯ ಷರತ್ತಾಗಿದೆ.

(ಇ) ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976ರಂತೆ ಪ್ರಾಧಿಕಾರವು ರಚಿಸುವ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಭೂಮಿಯನ್ನು ಸಾರ್ವಜನಿಕ ಉದ್ಯಾನ ಮತ್ತು ಆಟದ ಮೈದಾನಗಳಿಗೂ, ಅದಕ್ಕೆ ಹೆಚ್ಚುವರಿಯಾಗಿ ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ಭೂಮಿಯನ್ನು ನಾಗರಿಕ ಸೌಕರ್ಯಗಳಿಗೂ ಕಾಯ್ದಿರಿಸಬೇಕು. ಉದಾಹರಣೆಗೆ, 100 ಎಕರೆಯ ಬಡಾವಣೆಯಲ್ಲಿ ಕನಿಷ್ಠ 15 ಎಕರೆ ಉದ್ಯಾನ ಮತ್ತು ಮೈದಾನಕ್ಕೆ ಉಳಿಯಬೇಕು. ಆದರೆ ಈ ಶೇ. 15ರಲ್ಲಿ ಉದ್ಯಾನಕ್ಕೆ ಎಷ್ಟು, ಮೈದಾನಕ್ಕೆ ಎಷ್ಟು ಎಂದು ಬೇರ್ಪಡಿಸಿ ಹೇಳಿಲ್ಲ. ಹುಲ್ಲುಹಾಸು ಮತ್ತು ನಡಿಗೆ ಪಥಗಳಿದ್ದೂ ಚೆಂಡಾಟಕ್ಕೆ ಜಾಗವಿಲ್ಲದ ಬಡಾವಣೆಗಳಿರುವುದಕ್ಕೆ ಇದೂ ಒಂದು ಕಾರಣ. ಬಡಾವಣೆಯ ನಿವಾಸಿಗಳು ಮೈದಾನದ ಬೇಡಿಕೆಯನ್ನು ಮೊದಲೇ ಲಿಖಿತವಾಗಿ ಸಲ್ಲಿಸುವುದು ಈ ಕಾರಣದಿಂದ ಮುಖ್ಯವಾಗುತ್ತದೆ.

(ಈ) ಕರ್ನಾಟಕ ಉದ್ಯಾನಗಳು, ಆಟದ ಬಯಲುಗಳು ಮತ್ತು ತೆರೆದ ಸ್ಥಳಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಅಧಿನಿಯಮ, 1985 ಇಂತಹ ಸ್ಥಳಗಳನ್ನು ಪಟ್ಟಿ ಮಾಡಿ ಸಂರಕ್ಷಿಸಲು ಹಾಗೂ ಅವು ಅನ್ಯ ಉದ್ದೇಶಕ್ಕೆ ಬಳಕೆಯಾಗುವುದನ್ನು ನಿಯಂತ್ರಿಸಲು ರಚಿತವಾದ ಕಾನೂನು.

(ಉ) ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 30ನೇ ಪ್ರಕರಣವು ವಿಕಲಚೇತನರು ಕ್ರೀಡಾ ಚಟುವಟಿಕೆಗಳಲ್ಲಿ ಭಾಗವಹಿಸಲು ಅನುಕೂಲವಾಗುವ ಕ್ರಮಗಳನ್ನು ಕೈಗೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ಕಾನೂನಿನ ಬಲವೇನೆಂಬುದಕ್ಕೆ ಬೆಂಗಳೂರಿನದೇ ಪ್ರಕರಣವೊಂದು ನಿದರ್ಶನವಾಗಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಸ್ಥಳವನ್ನು ಆಸ್ಪತ್ರೆ ನಿರ್ಮಿಸಲು ಖಾಸಗಿ ನ್ಯಾಸವೊಂದಕ್ಕೆ ಹಂಚಿಕೆ ಮಾಡಲಾಗಿತ್ತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೊರೆ ಹೋದರು. ಹೈಕೋರ್ಟ್ ಹಂಚಿಕೆಯನ್ನು ರದ್ದುಪಡಿಸಿತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದು, ಸಾರ್ವಜನಿಕ ಉದ್ಯಾನಕ್ಕೆ ಮೀಸಲಿಟ್ಟ ಭೂಮಿಯನ್ನು ಖಾಸಗಿಯವರಿಗೆ ಪರಿವರ್ತಿಸಿಕೊಡಲು ಅವಕಾಶವಿಲ್ಲವೆಂದೂ, ಅದನ್ನು ಪ್ರಶ್ನಿಸುವ ಅಧಿಕಾರ ಬಡಾವಣೆಯ ನಿವಾಸಿಗಳಿಗೆ ಇದೆಯೆಂದೂ ಸ್ಪಷ್ಟಪಡಿಸಿತು.

3. ನಗರದ ಮೈದಾನಗಳ ಹಿನ್ನೆಲೆ

1898ರ ಪ್ಲೇಗ್ ಮಾರಿಯ ನಂತರ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ ಮತ್ತು ತೆರೆದ ಸ್ಥಳಗಳೊಂದಿಗೆ ಬೆಳೆದವು. ನಂತರದ ದಶಕಗಳಲ್ಲಿ ನಗರವು ವಿಸ್ತರಿಸಿದಂತೆ ದೊಡ್ಡ ಕ್ರೀಡಾಂಗಣಗಳಿಗೆ ಬೇಕಾದ ಭೂಮಿಯು ಬಹುಮಟ್ಟಿಗೆ ಕೆರೆಯಂಗಳಗಳಿಂದ ದೊರೆಯಿತು. ಶ್ರೀ ಕಂಠೀರವ ಕ್ರೀಡಾಂಗಣವು ಸಂಪಂಗಿ ಕೆರೆಯ ಅಂಗಳದಲ್ಲಿದೆ. ಬೆಂಗಳೂರು ಕರಗದ ಆಚರಣೆಗೆ ಸಂಬಂಧಿಸಿದ ಚಿಕ್ಕ ಕಲ್ಯಾಣಿಯಷ್ಟೇ ಆ ಕೆರೆಯ ಗುರುತಾಗಿ ಉಳಿದಿದೆ. ಶಾಂತಿನಗರದ ಹಾಕಿ ಕ್ರೀಡಾಂಗಣವು ಅಕ್ಕಿತಿಮ್ಮನಹಳ್ಳಿ ಕೆರೆಯ ಸ್ಥಳದಲ್ಲಿ ನಿರ್ಮಾಣವಾಯಿತು. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟವು ಕರ್ನಾಟಕದಲ್ಲಿ ನಡೆದಾಗ ಕಂಠೀರವ ಕ್ರೀಡಾಂಗಣ ಮತ್ತು ಕೋರಮಂಗಲದ ಒಳಾಂಗಣ ಕ್ರೀಡಾಂಗಣಗಳು ಅದಕ್ಕೆ ಸಜ್ಜುಗೊಂಡವು.

ನಗರವು ಕೆರೆಗಳನ್ನು ಕಳೆದುಕೊಂಡು ಈ ಮೈದಾನಗಳನ್ನು ಪಡೆದಿದೆ. ಒಮ್ಮೆ ಕಟ್ಟಡವೆದ್ದ ಮೈದಾನವು ಮರಳಿ ಮೈದಾನವಾಗುವುದು ವಿರಳ. ಆದುದರಿಂದ ಇರುವ ಪ್ರತಿಯೊಂದು ಬಯಲೂ ಬಳಕೆಯಲ್ಲಿರುವುದು ಅವಶ್ಯಕ. ಬಳಕೆಯಲ್ಲಿಲ್ಲದ ಮೈದಾನದಲ್ಲಿ ಮೊದಲು ಕಸ, ನಂತರ ವಾಹನ, ಕೊನೆಗೆ ಕಟ್ಟಡ ಬರುವುದು ನಗರದ ಸಾಮಾನ್ಯ ಅನುಭವವಾಗಿದೆ.

4. ಯಾವ ಸ್ಥಳ, ಯಾರ ಅಧೀನ

ಅರ್ಜಿಯನ್ನು ಸಂಬಂಧಪಡದ ಕಚೇರಿಗೆ ಸಲ್ಲಿಸುವುದರಿಂದ ವಿಳಂಬವಾಗುತ್ತದೆ. ಆದುದರಿಂದ ಸ್ಥಳವು ಯಾವ ಇಲಾಖೆಗೆ ಸೇರಿದೆಯೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

(ಅ) ಬಡಾವಣೆಯ ಉದ್ಯಾನ ಮತ್ತು ಮೈದಾನಗಳು: ಇವು ಸಾಮಾನ್ಯವಾಗಿ ನಗರ ಪಾಲಿಕೆಗೆ ಸೇರಿವೆ. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024ರಂತೆ 2025ರ ಸೆಪ್ಟೆಂಬರ್‌ನಲ್ಲಿ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹಳೆಯ ಪಾಲಿಕೆಯ ಹೆಸರಿನಲ್ಲಿ ಪತ್ರವ್ಯವಹಾರ ನಡೆಸಿದ್ದವರು ತಮ್ಮ ಬಡಾವಣೆಯು ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆಂಬುದನ್ನು ತಿಳಿದು, ಹಿಂದಿನ ಪತ್ರಗಳ ಪ್ರತಿಯೊಂದಿಗೆ ಆಯಾ ಪಾಲಿಕೆಯ ಆಯುಕ್ತರಿಗೆ ಅರ್ಜಿ ಸಲ್ಲಿಸುವುದು ಸೂಕ್ತ.

(ಆ) ಪಾಲಿಕೆಗೆ ಹಸ್ತಾಂತರವಾಗದ ಬಡಾವಣೆಗಳ ಸ್ಥಳಗಳು: ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಥವಾ ಬಡಾವಣೆಯನ್ನು ರಚಿಸಿದ ಸಂಸ್ಥೆ.

(ಇ) ಸರ್ಕಾರಿ ಶಾಲೆಗಳ ಮೈದಾನಗಳು: ಶಾಲಾ ಶಿಕ್ಷಣ ಇಲಾಖೆ. ಸ್ಥಳೀಯವಾಗಿ ಮುಖ್ಯೋಪಾಧ್ಯಾಯರು ಮತ್ತು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಸಂಪರ್ಕಿಸಬೇಕು.

(ಈ) ಶ್ರೀ ಕಂಠೀರವ ಕ್ರೀಡಾಂಗಣ ಮುಂತಾದ ರಾಜ್ಯ ಕ್ರೀಡಾಂಗಣಗಳು: ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ.

(ಉ) ಕಬ್ಬನ್ ಉದ್ಯಾನ ಮತ್ತು ಲಾಲ್‌ಬಾಗ್: ತೋಟಗಾರಿಕೆ ಇಲಾಖೆ. ಕಬ್ಬನ್ ಉದ್ಯಾನವು 1870ರಲ್ಲಿ ಆರಂಭವಾಯಿತು. ಲಾಲ್‌ಬಾಗ್ ಸುಮಾರು 240 ಎಕರೆ ವಿಸ್ತೀರ್ಣ ಹೊಂದಿದೆ. ಇವು ನಡಿಗೆ, ಓಟ ಮತ್ತು ನಿಸರ್ಗ ವೀಕ್ಷಣೆಗೆ ಯೋಗ್ಯವಾದ ಸ್ಥಳಗಳೇ ಹೊರತು ಚೆಂಡಾಟದ ಮೈದಾನಗಳಲ್ಲ. ಗಿಡಮರಗಳಿಗೆ ಹಾನಿಯಾಗದಂತೆ ಮಕ್ಕಳಿಗೆ ತಿಳಿಹೇಳುವುದು ಪೋಷಕರ ಹೊಣೆ.

(ಊ) ಕಬ್ಬನ್ ಉದ್ಯಾನದಲ್ಲಿರುವ ಜವಾಹರ ಬಾಲಭವನ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸಂಬಂಧಿಸಿದ ಸಂಸ್ಥೆ. ಪುಟಾಣಿ ರೈಲಿನಿಂದ ಹೆಸರಾದ ಈ ಸ್ಥಳದಲ್ಲಿ ಚಿತ್ರಕಲೆ, ಕರಕುಶಲ, ನೃತ್ಯ ಮುಂತಾದ ಸೃಜನಾತ್ಮಕ ಚಟುವಟಿಕೆಗಳನ್ನೂ ಬೇಸಿಗೆ ಶಿಬಿರಗಳನ್ನೂ ನಡೆಸಲಾಗುತ್ತದೆ. ಸ್ಪರ್ಧಾತ್ಮಕ ಕ್ರೀಡೆಯಲ್ಲಿ ಆಸಕ್ತಿಯಿಲ್ಲದ ಮಕ್ಕಳಿಗೆ ಇದು ಸೂಕ್ತ.

(ಋ) ಜ್ಞಾನಭಾರತಿ ಆವರಣದ ಸಮೀಪವಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ: ಕೇಂದ್ರ ಸರ್ಕಾರದ ಸಂಸ್ಥೆ. ಇಲ್ಲಿಯ ಪ್ರವೇಶವು ಆಯ್ಕೆ ಪರೀಕ್ಷೆಗೆ ಒಳಪಟ್ಟಿರುತ್ತದೆ.

5. ವಯಸ್ಸಿಗೆ ತಕ್ಕ ಆಟ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಸ್ವರೂಪದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು. ವಾರದಲ್ಲಿ ಕನಿಷ್ಠ 3 ದಿನ ಓಟ, ಜಿಗಿತದಂತಹ ತೀವ್ರ ಚಟುವಟಿಕೆ ಹಾಗೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕು. 3 ಮತ್ತು 4 ವರ್ಷದ ಮಕ್ಕಳಿಗೆ ದಿನವಿಡೀ ಹಂಚಿಕೊಂಡಂತೆ ಒಟ್ಟು 180 ನಿಮಿಷಗಳ ಚಲನವಲನ ಅಗತ್ಯವೆಂದು ಅದೇ ಸಂಸ್ಥೆಯ 2019ರ ಮಾರ್ಗಸೂಚಿ ತಿಳಿಸುತ್ತದೆ.

6 ವರ್ಷದವರೆಗೆ: ಮರಳಾಟ, ಜಾರುಬಂಡೆ, ಉಯ್ಯಾಲೆ, ಕಣ್ಣಾಮುಚ್ಚಾಲೆ, ಚೆಂಡು ಎಸೆದು ಹಿಡಿಯುವ ಆಟ. ಈ ವಯಸ್ಸಿನಲ್ಲಿ ಗೆಲುವು ಸೋಲಿನ ಲೆಕ್ಕ ಅನಾವಶ್ಯಕ.

7ರಿಂದ 10 ವರ್ಷ: ಕುಂಟೆಬಿಲ್ಲೆ, ಲಗೋರಿ, ಹಗ್ಗದ ಜಿಗಿತ, ಬುಗುರಿ, ಈಜು, ಸೈಕಲ್ ಸವಾರಿ, ಸರಳ ಓಟಗಳು. ಒಂದೇ ಕ್ರೀಡೆಗೆ ಕಟ್ಟಿಹಾಕುವುದಕ್ಕಿಂತ ಹಲವು ಆಟಗಳ ಪರಿಚಯವಾಗುವುದು ಉತ್ತಮ.

11ರಿಂದ 14 ವರ್ಷ: ಖೋ ಖೋ, ಕಬಡ್ಡಿ, ವಾಲಿಬಾಲ್, ಥ್ರೋಬಾಲ್, ಫುಟ್‌ಬಾಲ್, ಹಾಕಿ, ಕ್ರಿಕೆಟ್, ಅಥ್ಲೆಟಿಕ್ಸ್. ಕ್ರಮಬದ್ಧ ತರಬೇತಿಗೆ ಇದು ತಕ್ಕ ಕಾಲ.

15 ವರ್ಷ ಮೇಲ್ಪಟ್ಟು: ಆಯ್ದ ಕ್ರೀಡೆಯಲ್ಲಿ ಮುಂದುವರಿದ ತರಬೇತಿ. ಹತ್ತನೆಯ ತರಗತಿಯ ಪರೀಕ್ಷೆಯ ಕಾರಣಕ್ಕೆ ಇಡೀ ವರ್ಷ ಆಟ ನಿಲ್ಲಿಸುವುದು ನಗರದಲ್ಲಿ ರೂಢಿಯಾಗಿದೆ. ದಿನಕ್ಕೆ ಒಂದು ಗಂಟೆಯ ಆಟದಿಂದ ಓದಿಗೆ ತೊಡಕಾಗುತ್ತದೆಂದು ಭಾವಿಸಬೇಕಾಗಿಲ್ಲ.

ಮಳೆಗಾಲದ ದಿನಗಳಲ್ಲಿ ಚೌಕಾಬಾರ, ಅಳಗುಳಿ ಮಣೆ, ಚದುರಂಗ, ಕೇರಂ ಮುಂತಾದ ಒಳಾಂಗಣ ಆಟಗಳನ್ನು ಅಪಾರ್ಟ್‌ಮೆಂಟ್ ಸಭಾಂಗಣಗಳಲ್ಲಿಯೂ ಸಮುದಾಯ ಭವನಗಳಲ್ಲಿಯೂ ಏರ್ಪಡಿಸಬಹುದು.

6. ಸಣ್ಣ ಜಾಗದಲ್ಲಿ ಆಡಬಹುದಾದ ಆಟಗಳು

ಮೈದಾನವಿಲ್ಲವೆಂಬ ಕಾರಣಕ್ಕೆ ಬಡಾವಣೆಗಳಲ್ಲಿ ಆಟದ ಪ್ರಸ್ತಾವವೇ ಕೈಬಿಟ್ಟುಹೋಗುತ್ತದೆ. ವಾಸ್ತವವಾಗಿ ಅನೇಕ ಆಟಗಳ ಅಂಕಣವು ನಗರದ ಸಾಮಾನ್ಯ ನಿವೇಶನದ ಅಳತೆಯೊಳಗೆ ಅಡಕವಾಗುತ್ತದೆ. ಕೆಳಗಿನ ಅಳತೆಗಳು ಅಂಕಣಕ್ಕೆ ಮಾತ್ರ ಸಂಬಂಧಿಸಿದ್ದು, ಸುತ್ತಲೂ ಆಟಗಾರರ ಸುರಕ್ಷತೆಗೆ ತೆರವು ಜಾಗವನ್ನು ಬಿಡಬೇಕು.

ಬ್ಯಾಡ್ಮಿಂಟನ್: 13.4 ಮೀ. x 6.1 ಮೀ. (ಸುಮಾರು 44 x 20 ಅಡಿ).
ಕಬಡ್ಡಿ (ಮಹಿಳೆಯರ ಅಂಕಣ): 12 ಮೀ. x 8 ಮೀ. ಇದು 30 x 40 ಅಡಿ ನಿವೇಶನದೊಳಗೆ ಹಿಡಿಸುತ್ತದೆ.
ಕಬಡ್ಡಿ (ಪುರುಷರ ಅಂಕಣ): 13 ಮೀ. x 10 ಮೀ.
ವಾಲಿಬಾಲ್: 18 ಮೀ. x 9 ಮೀ.
ಥ್ರೋಬಾಲ್: 18.3 ಮೀ. x 12.2 ಮೀ. ಇದು ಹೆಚ್ಚುಕಡಿಮೆ 40 x 60 ಅಡಿ ನಿವೇಶನದಷ್ಟೇ ಆಗಿದೆ.
ಬ್ಯಾಸ್ಕೆಟ್‌ಬಾಲ್: 28 ಮೀ. x 15 ಮೀ.
ಖೋ ಖೋ: 27 ಮೀ. x 16 ಮೀ. ಎರಡು 40 x 60 ಅಡಿ ನಿವೇಶನಗಳಿಗೆ ಹತ್ತಿರದ ವಿಸ್ತೀರ್ಣ.

ಕಬಡ್ಡಿ ಮತ್ತು ಖೋ ಖೋ ಆಟಗಳಿಗೆ ದುಬಾರಿ ಉಪಕರಣಗಳು ಬೇಕಾಗಿಲ್ಲ. ಸಮತಟ್ಟಾದ ಮಣ್ಣಿನ ನೆಲ, ಸುಣ್ಣದ ಗೆರೆ ಮತ್ತು ಒಂದು ಸೀಟಿ ಇದ್ದರೆ ಕಬಡ್ಡಿ ಆರಂಭಿಸಬಹುದು. ಖೋ ಖೋ ಆಟಕ್ಕೆ ಹೆಚ್ಚುವರಿಯಾಗಿ ಎರಡು ಕಂಬಗಳು ಬೇಕು. ಉದ್ಯಾನದ ನವೀಕರಣ ಸಂದರ್ಭದಲ್ಲಿ ನೆಲಕ್ಕೆಲ್ಲ ಕಲ್ಲುಹಾಸು ಹಾಕುವುದರಿಂದ ಇಂತಹ ಆಟಗಳಿಗೆ ಇರುವ ಅವಕಾಶವೂ ತಪ್ಪುತ್ತದೆ. ಒಂದು ಮೂಲೆಯನ್ನಾದರೂ ಮಣ್ಣಿನ ನೆಲವಾಗಿ ಉಳಿಸುವಂತೆ ನಿವಾಸಿಗಳು ಕಾಮಗಾರಿ ಆರಂಭಕ್ಕೆ ಮುನ್ನವೇ ಕೋರತಕ್ಕದ್ದು.

7. ತರಬೇತಿ ಮತ್ತು ಸ್ಪರ್ಧೆಗಳ ಹಾದಿ

(ಅ) ಶಾಲಾ ಕ್ರೀಡಾಕೂಟಗಳು: ಸರ್ಕಾರಿ, ಅನುದಾನಿತ ಮತ್ತು ಖಾಸಗಿ ಶಾಲೆಗಳ ವಿದ್ಯಾರ್ಥಿಗಳು 14 ಮತ್ತು 17 ವರ್ಷದೊಳಗಿನ ವಿಭಾಗಗಳಲ್ಲಿ ಸ್ಥಳೀಯ ಹಂತದಿಂದ ತಾಲ್ಲೂಕು, ಜಿಲ್ಲೆ, ವಿಭಾಗ ಹಾಗೂ ರಾಜ್ಯ ಮಟ್ಟದವರೆಗೆ ಸ್ಪರ್ಧಿಸಬಹುದು. ಪ್ರವೇಶವು ಶಾಲೆಯ ಮುಖಾಂತರವೇ ಆಗಬೇಕಾದುದರಿಂದ ಪೋಷಕರು ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ದೈಹಿಕ ಶಿಕ್ಷಣ ಶಿಕ್ಷಕರನ್ನು ಭೇಟಿ ಮಾಡುವುದು ಸೂಕ್ತ. ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಶಾಲೆಯಾದಲ್ಲಿ ಮುಖ್ಯೋಪಾಧ್ಯಾಯರನ್ನು ಕೋರಬಹುದು.

(ಆ) ಬೇಸಿಗೆ ತರಬೇತಿ ಶಿಬಿರಗಳು: ಏಪ್ರಿಲ್ ಮತ್ತು ಮೇ ತಿಂಗಳ ರಜೆಯಲ್ಲಿ ನಡೆಯುವ ಶಿಬಿರಗಳ ಕ್ರೀಡೆ, ವಯೋಮಿತಿ, ಶುಲ್ಕ ಮತ್ತು ಅವಧಿಯ ವಿವರಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು.

(ಇ) ಕ್ರೀಡಾ ವಸತಿ ಶಾಲೆ ಮತ್ತು ನಿಲಯಗಳು: ಪ್ರತಿಭಾವಂತ ಮಕ್ಕಳಿಗೆ ವಸತಿ, ಊಟ, ವಿದ್ಯಾಭ್ಯಾಸ ಮತ್ತು ತರಬೇತಿಯನ್ನು ಒಟ್ಟಿಗೆ ಒದಗಿಸುವ ವ್ಯವಸ್ಥೆ. ಎತ್ತರ, ತೂಕ, ಓಟ, ಜಿಗಿತ ಹಾಗೂ ಕ್ರೀಡಾ ಕೌಶಲದ ಪರೀಕ್ಷೆಗಳ ಆಧಾರದ ಮೇಲೆ ಆಯ್ಕೆ ನಡೆಯುತ್ತದೆ. ನಗರದ ಮಕ್ಕಳೂ ಅರ್ಹರಾಗಿದ್ದಲ್ಲಿ ಅರ್ಜಿ ಸಲ್ಲಿಸಬಹುದು.

(ಈ) ಖೇಲೋ ಇಂಡಿಯಾ: ಕೇಂದ್ರ ಸರ್ಕಾರದ ಈ ಯೋಜನೆಯಡಿ 9ರಿಂದ 18 ವರ್ಷದ ಮಕ್ಕಳಲ್ಲಿ ಪ್ರತಿಭೆ ಗುರುತಿಸುವ 'ಕೀರ್ತಿ' ಕಾರ್ಯಕ್ರಮವು 2024ರ ಮಾರ್ಚ್‌ನಲ್ಲಿ ಆರಂಭವಾಯಿತು.

8. ಅಗತ್ಯ ದಾಖಲೆಗಳು

ಪ್ರಕಟಣೆಯಲ್ಲಿ ಬೇರೆ ರೀತಿ ತಿಳಿಸದಿದ್ದಲ್ಲಿ ಸಾಮಾನ್ಯವಾಗಿ ಕೆಳಕಂಡ ದಾಖಲೆಗಳನ್ನು ಸಿದ್ಧವಿಟ್ಟುಕೊಳ್ಳಬೇಕು.

1. ಜನನ ಪ್ರಮಾಣಪತ್ರ
2. ಶಾಲಾ ವ್ಯಾಸಂಗ ದೃಢೀಕರಣ ಪತ್ರ
3. ಆಧಾರ್ ಚೀಟಿಯ ಪ್ರತಿ
4. ಇತ್ತೀಚಿನ ಭಾವಚಿತ್ರಗಳು
5. ವೈದ್ಯಕೀಯ ಅರ್ಹತಾ ಪತ್ರ
6. ಪೋಷಕರ ಒಪ್ಪಿಗೆ ಪತ್ರ
7. ಮೀಸಲಾತಿ ಕೋರಿದಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ
8. ಹಿಂದಿನ ಕ್ರೀಡಾಕೂಟಗಳ ಪ್ರಮಾಣಪತ್ರಗಳಿದ್ದಲ್ಲಿ ಅವುಗಳ ಪ್ರತಿ

ಜನನ ಪ್ರಮಾಣಪತ್ರದ ಬಗ್ಗೆ ವಿಶೇಷ ಗಮನ ಅಗತ್ಯ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಕ್ಷಣ ನೋಂದಣಿಯಾಗುವ ಜನನಗಳಲ್ಲಿ ಮಗುವಿನ ಹೆಸರಿನ ಅಂಕಣ ಖಾಲಿಯಿರುವುದುಂಟು. ನಾಮಕರಣದ ನಂತರ ಹೆಸರು ಸೇರಿಸಲು ಪೋಷಕರು ಮರೆಯುತ್ತಾರೆ. ಮಗು ಸ್ಪರ್ಧೆಗೆ ಆಯ್ಕೆಯಾದ ದಿನ ದಾಖಲೆ ಪರಿಶೀಲನೆಯಲ್ಲಿ ಈ ಕೊರತೆ ಕಂಡುಬಂದರೆ ಅವಕಾಶ ಕೈತಪ್ಪಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ನಂತರ 15 ವರ್ಷಗಳವರೆಗೆ ವಿಳಂಬ ಶುಲ್ಕದೊಂದಿಗೆ ಸೇರಿಸಲು ಅವಕಾಶವಿದೆ. ಜನನವು ನೋಂದಣಿಯಾದ ಕಚೇರಿಯಲ್ಲಿಯೇ ಈ ಕೋರಿಕೆ ಸಲ್ಲಿಸಬೇಕು. 2023ರ ತಿದ್ದುಪಡಿಯಂತೆ, ದಿನಾಂಕ 1-10-2023ರಂದು ಅಥವಾ ತರುವಾಯ ಜನಿಸಿದವರಿಗೆ ಶಾಲಾ ಪ್ರವೇಶ ಮುಂತಾದ ನಿಗದಿತ ಉದ್ದೇಶಗಳಿಗೆ ಜನನ ಪ್ರಮಾಣಪತ್ರವೇ ಜನ್ಮ ದಿನಾಂಕದ ಪುರಾವೆಯಾಗಿದೆ.

ಕಿರಿಯರ ವಿಭಾಗದಲ್ಲಿ ಆಡಿಸುವ ಸಲುವಾಗಿ ವಯಸ್ಸನ್ನು ಕಡಿಮೆ ತೋರಿಸುವುದು ಅಪರಾಧ. ಕ್ರಿಕೆಟ್ ಮುಂತಾದ ಕ್ರೀಡೆಗಳಲ್ಲಿ ಮುಂಗೈ ಮೂಳೆಯ ಕ್ಷ-ಕಿರಣ ಪರೀಕ್ಷೆಯ ಮೂಲಕವೂ ವಯಸ್ಸನ್ನು ಪರಿಶೀಲಿಸಲಾಗುತ್ತದೆ. ಸುಳ್ಳು ದಾಖಲೆಯ ಪರಿಣಾಮವನ್ನು ಅನುಭವಿಸುವುದು ಅಂತಿಮವಾಗಿ ಮಗುವೇ.

9. ಖಾಸಗಿ ತರಬೇತಿ ಕೇಂದ್ರ ಆಯ್ಕೆ ಮಾಡುವಾಗ

ಪೋಷಕರು ಶುಲ್ಕ ಪಾವತಿಗೆ ಮುನ್ನ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು.

(ಅ) ತರಬೇತುದಾರರ ಅರ್ಹತೆ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಅಥವಾ ಆಯಾ ಕ್ರೀಡಾ ಒಕ್ಕೂಟದ ಮಾನ್ಯತಾ ಪತ್ರವನ್ನು ತೋರಿಸುವಂತೆ ಕೇಳಬಹುದು.
(ಆ) ಪ್ರತಿ ತರಬೇತುದಾರರಿಗೆ ಇರುವ ಮಕ್ಕಳ ಸಂಖ್ಯೆ.
(ಇ) ಪ್ರವೇಶ ಶುಲ್ಕ, ಮಾಸಿಕ ಶುಲ್ಕ, ಸಮವಸ್ತ್ರ ಮತ್ತು ಉಪಕರಣದ ವೆಚ್ಚ ಹಾಗೂ ಸ್ಪರ್ಧಾ ಶುಲ್ಕಗಳ ಪ್ರತ್ಯೇಕ ವಿವರ. ಪ್ರತಿ ಪಾವತಿಗೂ ರಶೀದಿ ಪಡೆಯಬೇಕು.
(ಈ) ಮಗು ಮಧ್ಯದಲ್ಲಿ ಬಿಟ್ಟಲ್ಲಿ ಮುಂಗಡ ಹಣ ಹಿಂದಿರುಗಿಸುವ ಷರತ್ತು ಲಿಖಿತವಾಗಿ ಇದೆಯೇ ಎಂಬುದು. ಇಡೀ ವರ್ಷದ ಶುಲ್ಕವನ್ನು ಒಮ್ಮೆಗೇ ಪಾವತಿಸುವ ಮೊದಲು ಒಂದು ತಿಂಗಳು ಪರಿಶೀಲಿಸುವುದು ಲೇಸು.
(ಉ) ಕೇಂದ್ರವು ಸಾರ್ವಜನಿಕ ಮೈದಾನದಲ್ಲಿ ನಡೆಯುತ್ತಿದ್ದಲ್ಲಿ, ಅದಕ್ಕೆ ಸಂಬಂಧಪಟ್ಟ ಪ್ರಾಧಿಕಾರದ ಅನುಮತಿ ಇದೆಯೇ ಮತ್ತು ಶುಲ್ಕ ನೀಡದ ಮಕ್ಕಳ ಆಟಕ್ಕೆ ಜಾಗ ಮತ್ತು ಸಮಯ ಉಳಿದಿದೆಯೇ ಎಂಬುದು.

10. ಸುರಕ್ಷತೆ

(ಅ) ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮ, 2012 (ಪೋಕ್ಸೊ) ಕ್ರೀಡಾ ತರಬೇತಿ ಸ್ಥಳಗಳಿಗೂ ಅನ್ವಯಿಸುತ್ತದೆ. ಅಪರಾಧ ನಡೆದಿರುವುದು ತಿಳಿದ ಪ್ರತಿಯೊಬ್ಬ ವ್ಯಕ್ತಿಯೂ ಪೊಲೀಸರಿಗೆ ಮಾಹಿತಿ ನೀಡತಕ್ಕದ್ದು. ಮಾಹಿತಿ ಮುಚ್ಚಿಡುವುದು ದಂಡನಾರ್ಹ. ಪೋಷಕರು ಅಭ್ಯಾಸವನ್ನು ನೋಡಲು ಅವಕಾಶ ನೀಡದ ಕೇಂದ್ರದಿಂದ ಮಗುವನ್ನು ದೂರವಿಡುವುದು ಕ್ಷೇಮ. ಮಗುವು ಕಾರಣ ಹೇಳದೆ ಅಭ್ಯಾಸಕ್ಕೆ ಹೋಗಲು ಹಿಂಜರಿದರೆ ಗದರಿಸದೆ ವಿಚಾರಿಸಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಹಾಯವಾಣಿ 112 ದಿನದ 24 ಗಂಟೆಯೂ ಲಭ್ಯ.

(ಆ) ಈಜುಕೊಳದಲ್ಲಿ ಜೀವರಕ್ಷಕರು ಇಲ್ಲದ ವೇಳೆ ಮಕ್ಕಳನ್ನು ನೀರಿಗೆ ಇಳಿಸಬಾರದು. ಕೆರೆ, ಕ್ವಾರಿ ಹೊಂಡ ಮತ್ತು ಕಟ್ಟಡ ಕಾಮಗಾರಿಯ ಗುಂಡಿಗಳಲ್ಲಿ ಈಜು ಕಲಿಯುವುದು ಪ್ರಾಣಾಪಾಯಕ್ಕೆ ದಾರಿ.

(ಇ) ತಲೆಗೆ ಪೆಟ್ಟಾದ ಮಗುವನ್ನು ಅದೇ ದಿನ ಮತ್ತೆ ಆಟಕ್ಕೆ ಇಳಿಸಬಾರದು. ವಾಂತಿ, ಮಂಪರು, ತಲೆನೋವು ಕಂಡುಬಂದಲ್ಲಿ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

(ಈ) ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲಿನಲ್ಲಿ ಅಭ್ಯಾಸ ನಡೆಸದೆ ಬೆಳಿಗ್ಗೆ ಅಥವಾ ಸಂಜೆ ನಡೆಸಬೇಕು. ಕುಡಿಯುವ ನೀರು ಮೈದಾನದಲ್ಲಿಯೇ ಇರಬೇಕು.

(ಉ) ಉದ್ಯಾನದ ಆಟದ ಸಾಧನಗಳಲ್ಲಿ ತುಕ್ಕು, ಮುರಿದ ತುದಿ, ಸಡಿಲ ಸರಪಳಿ ಅಥವಾ ತೆರೆದ ವಿದ್ಯುತ್ ತಂತಿ ಕಂಡಲ್ಲಿ ಭಾವಚಿತ್ರದೊಂದಿಗೆ ಪಾಲಿಕೆಗೆ ದೂರು ನೀಡಿ ದೂರಿನ ಸಂಖ್ಯೆಯನ್ನು ಪಡೆಯತಕ್ಕದ್ದು.

11. ಹೆಣ್ಣುಮಕ್ಕಳು ಮತ್ತು ವಿಕಲಚೇತನ ಮಕ್ಕಳು

ಹನ್ನೆರಡು ಹದಿಮೂರನೆಯ ವಯಸ್ಸಿಗೆ ಬರುವಷ್ಟರಲ್ಲಿ ಅನೇಕ ಹೆಣ್ಣುಮಕ್ಕಳು ಮೈದಾನದಿಂದ ಮರೆಯಾಗುತ್ತಾರೆ. ಇದಕ್ಕೆ ಆಸಕ್ತಿಯ ಕೊರತೆಗಿಂತ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸಂಜೆಯ ದೀಪ ಮತ್ತು ಜೊತೆಗಾರ್ತಿಯರ ಕೊರತೆಯೇ ಹೆಚ್ಚಿನ ಕಾರಣ. ಮೈದಾನವು ದೊಡ್ಡ ಹುಡುಗರ ಕ್ರಿಕೆಟ್ಟಿಗೆ ಮಾತ್ರ ಸೀಮಿತವಾಗಿರುವ ಕಡೆ, ವಾರದ ನಿಗದಿತ ದಿನಗಳಲ್ಲಿ ಬಾಲಕಿಯರ ಆಟಕ್ಕೆ ಸಮಯ ಗೊತ್ತುಪಡಿಸಲು ನಿವಾಸಿಗಳ ಸಂಘವು ಪಾಲಿಕೆಯೊಂದಿಗೆ ಸಮಾಲೋಚಿಸಬಹುದು. ಥ್ರೋಬಾಲ್, ಖೋ ಖೋ ಮತ್ತು ಕಬಡ್ಡಿ ತಂಡಗಳನ್ನು ಶಾಲಾ ಹಂತದಲ್ಲಿ ಕಟ್ಟುವುದು ಸುಲಭ ಮಾರ್ಗ.

ವಿಕಲಚೇತನ ಮಕ್ಕಳಿಗಾಗಿ ಉದ್ಯಾನದ ದ್ವಾರದಲ್ಲಿ ಇಳಿಜಾರು ಮಾರ್ಗ, ಗಾಲಿಕುರ್ಚಿ ಚಲಿಸುವಷ್ಟು ಅಗಲದ ಪಥ ಹಾಗೂ ತಲುಪಬಹುದಾದ ಉಯ್ಯಾಲೆಗಳನ್ನು ಕೋರಲು ಪೋಷಕರಿಗೆ ಹಕ್ಕಿದೆ. ತರಬೇತಿ ಅಥವಾ ಸ್ಪರ್ಧೆಗೆ ಅರ್ಜಿ ಸಲ್ಲಿಸುವಾಗ ಯುಡಿಐಡಿ ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಬೇಕು. ಬೈಕು, ಕಾರುಗಳು ಒಳಬಾರದಂತೆ ಉದ್ಯಾನದ ಬಾಗಿಲಿಗೆ ಅಳವಡಿಸುವ ತಡೆಗಳು ಗಾಲಿಕುರ್ಚಿಯನ್ನೂ ತಡೆಯುತ್ತಿದ್ದಲ್ಲಿ ಅದನ್ನು ಲಿಖಿತವಾಗಿ ಗಮನಕ್ಕೆ ತರಬೇಕು.

12. ಮೈದಾನವು ಮುಚ್ಚಿದ್ದರೆ ಅಥವಾ ಅನ್ಯ ಬಳಕೆಗೆ ಹೋಗುತ್ತಿದ್ದರೆ ಅನುಸರಿಸಬೇಕಾದ ಕ್ರಮ

ಹಂತ 1. ಸ್ಥಳದ ಸರ್ವೆ ಸಂಖ್ಯೆ ಅಥವಾ ಬಡಾವಣೆ ನಕ್ಷೆಯಲ್ಲಿನ ಗುರುತನ್ನು ಪತ್ತೆ ಮಾಡತಕ್ಕದ್ದು. ಅನುಮೋದಿತ ನಕ್ಷೆಯಲ್ಲಿ ಅದು ಉದ್ಯಾನ, ಆಟದ ಮೈದಾನ ಅಥವಾ ನಾಗರಿಕ ಸೌಕರ್ಯ ನಿವೇಶನ ಎಂದು ನಮೂದಾಗಿರುತ್ತದೆ. ಇವು ಮೂರೂ ಒಂದೇ ಅಲ್ಲ. ನಾಗರಿಕ ಸೌಕರ್ಯ ನಿವೇಶನವನ್ನು ನಿಯಮಾನುಸಾರ ಗುತ್ತಿಗೆಗೆ ನೀಡಲು ಅವಕಾಶವಿದೆ. ಮಕ್ಕಳು ವರ್ಷಾನುಗಟ್ಟಲೆ ಆಡಿದ ಖಾಲಿ ಜಾಗವು ನಕ್ಷೆಯಲ್ಲಿ ನಾಗರಿಕ ಸೌಕರ್ಯ ನಿವೇಶನವಾಗಿರುವ ಸಾಧ್ಯತೆಯೂ ಉಂಟು. ಅಂತಹ ಸಂದರ್ಭದಲ್ಲಿ ಹಂಚಿಕೆಯಾಗುವ ಮುನ್ನವೇ ಮನವಿ ಸಲ್ಲಿಸಬೇಕಾಗುತ್ತದೆ.

ಹಂತ 2. ನಕ್ಷೆ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು. ಶುಲ್ಕ ರೂ. 10. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ವಿನಾಯಿತಿ ಇದೆ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಉತ್ತರಕ್ಕೆ 30 ದಿನಗಳ ಅವಧಿ ಇದೆ. ಉತ್ತರ ಬಾರದಿದ್ದಲ್ಲಿ ಅಥವಾ ಸಮಾಧಾನಕರವಾಗಿಲ್ಲದಿದ್ದಲ್ಲಿ ನಂತರದ 30 ದಿನಗಳೊಳಗೆ ಮೊದಲನೆಯ ಮೇಲ್ಮನವಿ ಸಲ್ಲಿಸಬಹುದು.

ಹಂತ 3. ಸಂಬಂಧಪಟ್ಟ ಪಾಲಿಕೆಯ ಆಯುಕ್ತರಿಗೆ ಅಥವಾ ಪ್ರಾಧಿಕಾರಕ್ಕೆ ಲಿಖಿತ ಮನವಿ ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಮನವಿಯಲ್ಲಿ ಸ್ಥಳದ ವಿವರ, ನಕ್ಷೆಯ ಪ್ರತಿ, ದಿನಾಂಕ ಸಹಿತ ಭಾವಚಿತ್ರ, ಆಡುವ ಮಕ್ಕಳ ಅಂದಾಜು ಸಂಖ್ಯೆ ಮತ್ತು ಸ್ಪಷ್ಟವಾದ ಒಂದು ಕೋರಿಕೆ ಇರಬೇಕು. ಹಲವು ದೂರುಗಳನ್ನು ಒಂದೇ ಪತ್ರದಲ್ಲಿ ಸೇರಿಸಿದರೆ ಅದು ವಿವಿಧ ಶಾಖೆಗಳ ನಡುವೆ ಸಂಚರಿಸುತ್ತ ಉಳಿಯುತ್ತದೆ.

ಹಂತ 4. ನಿರ್ಮಾಣವು ಈಗಾಗಲೇ ಆರಂಭವಾಗಿದ್ದಲ್ಲಿ ಕಾಲಹರಣ ಮಾಡದೆ ಕಾನೂನು ನೆರವು ಪಡೆಯಬೇಕು. ಮಕ್ಕಳಿಗೆ ಮತ್ತು ಮಹಿಳೆಯರಿಗೆ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಉಚಿತ ನೆರವು ದೊರೆಯುತ್ತದೆ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಉದ್ಯಾನದಲ್ಲಿ 'ಆಟವಾಡಬಾರದು' ಎಂಬ ಫಲಕವಿದೆ. ಮಕ್ಕಳು ಆಡಬಹುದೇ?
ಉತ್ತರ: ಹಿರಿಯ ನಾಗರಿಕರ ಸುರಕ್ಷತೆ ಮತ್ತು ಗಿಡಗಳ ರಕ್ಷಣೆಗಾಗಿ ಚೆಂಡಾಟವನ್ನು ನಿರ್ಬಂಧಿಸಿರಬಹುದು. ಫಲಕವನ್ನು ಪಾಲಿಕೆ ಹಾಕಿದೆಯೇ ಅಥವಾ ಖಾಸಗಿಯವರು ಹಾಕಿದ್ದಾರೆಯೇ ಎಂಬುದನ್ನು ವಿಚಾರಿಸಿ, ಮಕ್ಕಳ ಆಟಕ್ಕೆ ಪ್ರತ್ಯೇಕ ಭಾಗ ಅಥವಾ ಸಮಯ ಗೊತ್ತುಪಡಿಸುವಂತೆ ಕೋರಬಹುದು.

ಪ್ರಶ್ನೆ: ಮಕ್ಕಳಿಗೆ ರಜೆಯಿರುವ ಮಧ್ಯಾಹ್ನದ ವೇಳೆ ಉದ್ಯಾನಕ್ಕೆ ಬೀಗ ಹಾಕಲಾಗುತ್ತದೆ. ಏನು ಮಾಡಬೇಕು?
ಉತ್ತರ: 2024ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ತನ್ನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ ಪ್ರಕಟಿಸಿತ್ತು. ಈಗಿನ ವೇಳಾಪಟ್ಟಿಯನ್ನು ಆಯಾ ನಗರ ಪಾಲಿಕೆಯಲ್ಲಿ ಖಚಿತಪಡಿಸಿಕೊಂಡು, ಅದರಂತೆ ತೆರೆಯದಿದ್ದಲ್ಲಿ ದೂರು ಸಲ್ಲಿಸಬಹುದು.

ಪ್ರಶ್ನೆ: ಮಗು ಶಾಲೆಯ ತಂಡಕ್ಕೆ ಆಯ್ಕೆಯಾಗಲಿಲ್ಲ. ಮುಂದೇನು?
ಉತ್ತರ: ಬೇಸಿಗೆ ಶಿಬಿರಗಳಲ್ಲಿ ಮತ್ತು ಕ್ರೀಡಾ ಸಂಸ್ಥೆಗಳು ನಡೆಸುವ ಮುಕ್ತ ಸ್ಪರ್ಧೆಗಳಲ್ಲಿ ಭಾಗವಹಿಸಬಹುದು. ಆಯ್ಕೆಯಾಗದ ಮಗುವಿಗೂ ದಿನದ ಆಟದ ಅಗತ್ಯ ಅಷ್ಟೇ ಇದೆ. ಆಯ್ಕೆಯು ಆಟಕ್ಕೆ ಅರ್ಹತೆಯಲ್ಲ.

ಪ್ರಶ್ನೆ: ಸರ್ಕಾರಿ ಶಾಲೆಯ ಮೈದಾನವನ್ನು ರಜಾ ದಿನಗಳಲ್ಲಿ ಬಡಾವಣೆಯ ಮಕ್ಕಳು ಬಳಸಬಹುದೇ?
ಉತ್ತರ: ಮುಖ್ಯೋಪಾಧ್ಯಾಯರು ಮತ್ತು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಮನವಿ ಸಲ್ಲಿಸಬೇಕು. ಸ್ವಚ್ಛತೆ, ಆಸ್ತಿ ರಕ್ಷಣೆ ಮತ್ತು ಮೇಲ್ವಿಚಾರಣೆಯ ಹೊಣೆಯನ್ನು ಯಾರು ಹೊರುತ್ತಾರೆಂಬುದನ್ನು ಮನವಿಯಲ್ಲಿಯೇ ತಿಳಿಸುವುದು ಸೂಕ್ತ.

14. ಸಾರ್ವಜನಿಕರಲ್ಲಿ ಮನವಿ

ಪ್ರತಿ ಬಡಾವಣೆಯ ನಿವಾಸಿಗಳು ತಮ್ಮ ವ್ಯಾಪ್ತಿಯ ಉದ್ಯಾನ ಮತ್ತು ಮೈದಾನಗಳ ಪಟ್ಟಿಯನ್ನು ನಕ್ಷೆಯ ಪ್ರತಿಯೊಂದಿಗೆ ಸಿದ್ಧಪಡಿಸಿ ಸಂಘದ ಕಡತದಲ್ಲಿ ಇಟ್ಟುಕೊಳ್ಳುವಂತೆ ಕೋರಲಾಗಿದೆ. ದಾಖಲೆಯಿರುವ ಮೈದಾನವನ್ನು ಉಳಿಸುವುದು ಸುಲಭ. ಮಕ್ಕಳು ದಿನನಿತ್ಯ ಆಡುವ ಮೈದಾನವನ್ನು ಉಳಿಸುವುದು ಇನ್ನೂ ಸುಲಭ. ಈ ಪುಟದ ಮಾಹಿತಿಯು ಸಾರ್ವಜನಿಕರ ಅನುಕೂಲಕ್ಕಾಗಿ ಮಾತ್ರ ನೀಡಿದ್ದಾಗಿದ್ದು, ಅರ್ಜಿ ಸಲ್ಲಿಸುವ ಮುನ್ನ ಆಯಾ ವರ್ಷದ ಪ್ರಕಟಣೆ ಹಾಗೂ ಜಾರಿಯಲ್ಲಿರುವ ನಿಯಮಗಳನ್ನು ಪರಿಶೀಲಿಸತಕ್ಕದ್ದು.